ಮೊದಲು ರೊಟ್ಟಿ, ಆಮೇಲೆ ದಾರಿ

ಕರ್ತನಲ್ಲಿ ಪ್ರಿಯಳಾದ ಮಗಳೇ,

"ದೊಡ್ಡಮ್ಮ, ಪ್ರಾರ್ಥನೆಗೆ ಕೂತರೆ ಬಾಯಿಂದ ಮಾತೇ ಹೊರಡುವುದಿಲ್ಲ. ನನ್ನ ವಿಶ್ವಾಸ ಹೋಯಿತೇ?" ಎಂದು ಕೇಳಿದ್ದೀ. ಹೋಗಿಲ್ಲ ತಾಯಿ, ನೀನು ದಣಿದಿದ್ದೀ. ನೌಕರಿಯ ಊರಿಗೇ ಅಪ್ಪನನ್ನು ಚಿಕಿತ್ಸೆಗೆ ಕರೆಸಿಕೊಂಡಿದ್ದೀ. ಹಗಲೆಲ್ಲ ಕೆಲಸ, ರಾತ್ರಿ ಆಸ್ಪತ್ರೆಯ ವರಾಂಡ, ಸಾಲದ್ದಕ್ಕೆ ಮೇ ತಿಂಗಳ ನಾಗಪುರದ ಬಿಸಿಲು. ನಿನ್ನ ಹಾಗೆ ಒದ್ದಾಡುವ ಮಕ್ಕಳು ಇನ್ನೂ ಇದ್ದಾರೆಂದು ಈ ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ.

ಒಂದನೆಯ ಅರಸುಗಳು ಹತ್ತೊಂಬತ್ತನೆಯ ಅಧ್ಯಾಯ ತೆಗೆದು ಓದು. ಎಲೀಯನಂಥ ಪ್ರವಾದಿ ಜೀವಭಯದಿಂದ ಬೇರ್ಷೆಬಕ್ಕೆ ಓಡಿ, ಅಲ್ಲಿಂದ ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕುಸಿದು ಸಾವನ್ನೇ ಬೇಡಿಕೊಂಡ. ದೇವರು ಅವನನ್ನು ಗದರಲಿಲ್ಲ. ನಿದ್ದೆಹೋದವನನ್ನು ದೂತ ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟು, ಎರಡನೆಯ ಸಲ ಎಬ್ಬಿಸಿ ಉಣಿಸಿದ ಮೇಲೆಯೇ ಹೋರೇಬ್ ಬೆಟ್ಟದ ನಲವತ್ತು ದಿನದ ದಾರಿ. ಆ ಎರಡನೆಯ ನಿದ್ದೆಯನ್ನು ನಾವು ಓದುವಾಗ ದಾಟಿಬಿಡುತ್ತೇವೆ. ನನಗೆ ಇಡೀ ಅಧ್ಯಾಯದಲ್ಲಿ ಬಹಳ ಪ್ರಿಯವಾದದ್ದು ಅದೇ.

ಅಪೊಸ್ತಲ ಪೌಲನ ಕಥೆಯಲ್ಲೂ ಮೊದಲು ರೊಟ್ಟಿಯೇ. ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿ, ಊಟ ಬಿಟ್ಟು ಕಂಗೆಟ್ಟಿದ್ದ ಹಡಗಿನ 276 ಮಂದಿಯೆದುರು ಅವನು ರೊಟ್ಟಿ ತೆಗೆದುಕೊಂಡು, ಸ್ತೋತ್ರ ಸಲ್ಲಿಸಿ, ಮುರಿದು ತಿಂದ. ಅದನ್ನು ಕಂಡು ಉಳಿದವರೂ ಧೈರ್ಯ ತಂದುಕೊಂಡು ಉಂಡರು. ಹಡಗು ಒಡೆದೇ ಒಡೆಯಿತು. ಜನ ದಡ ಸೇರಿದರು.

ಆದರೆ ಎಲ್ಲರೂ ದಡ ಸೇರುತ್ತಾರೆಂದು ನಿನಗೆ ಹೇಳಲಾರೆ. ನಾಗಪುರದಲ್ಲಿ ನೀನು ದಿನಾ ಹೆಸರು ಕೇಳುವ ಹಿಸ್ಲಾಪ್ ಕಾಲೇಜು ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಮಿಷನರಿಯ ನೆನಪಿಗೆ 1883ರಲ್ಲಿ ಆದದ್ದು. 1845ರಲ್ಲಿ ನಾಗಪುರಕ್ಕೆ ಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಶಾಲೆ ಕಟ್ಟಿದರು, ಈ ನೆಲದ ಕಲ್ಲು, ಪಳೆಯುಳಿಕೆಗಳನ್ನು ಹುಡುಕಿದರು, ಗೊಂಡರ ಹಾಡು, ಕಥೆ ಬರೆದಿಟ್ಟುಕೊಂಡರು. 1863ರ ಸೆಪ್ಟೆಂಬರ್ 4ರಂದು ಟಾಕಳಘಾಟಿನ ಪುರಾತನ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ ತುಂಬಿದ ಹಳ್ಳದಲ್ಲಿ ಮುಳುಗಿ ತೀರಿಕೊಂಡರು. ಅವರ ವಿಶ್ವಾಸದಲ್ಲಿ ಕೊರತೆಯಿತ್ತು ಎನ್ನಲು ನನಗೆ ಬಾಯಿ ಬಾರದು. ಅರ್ಧಕ್ಕೆ ನಿಂತ ಅವರ ಬರಹಗಳನ್ನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1866ರಲ್ಲಿ ಅಚ್ಚು ಹಾಕಿಸಿದರು. ಆದ್ದರಿಂದ, "ನಂಬಿದರೆ ಅಪ್ಪ ಗುಣವಾಗೇ ಆಗುತ್ತಾರೆ" ಎಂದು ಯಾರಾದರೂ ನಿನ್ನ ಮೇಲೆ ಭಾರ ಹೊರಿಸಿದರೆ ಹೊತ್ತುಕೊಳ್ಳಬೇಡ. ಅಪ್ಪನ ಕಾಯಿಲೆ ನಿನ್ನ ವಿಶ್ವಾಸಕ್ಕೆ ಇಟ್ಟ ಪರೀಕ್ಷೆಯಲ್ಲ.

ನಾಗಪುರದವರು ಬರೀ "ಮೆಡಿಕಲ್" ಎನ್ನುವ ಸರಕಾರಿ ಆಸ್ಪತ್ರೆಯ ಹೊರಗೆ ಒಮ್ಮೆ ನೋಡು. ಛತ್ತೀಸಗಡ, ಮಧ್ಯಪ್ರದೇಶದಿಂದ ಬಂದವರು ಚಾದರ ಹಾಸಿಕೊಂಡು ಕೂತಿರುತ್ತಾರೆ. ಒಬ್ಬಾಕೆ ಔಷಧಿ ತರಲು ಹೋದರೆ ಪಕ್ಕದಾಕೆ ಮಗುವನ್ನೆತ್ತಿಕೊಳ್ಳುತ್ತಾಳೆ, ತನ್ನ ಡಬ್ಬಿಯ ಚಪಾತಿ ಮುರಿದು ಅದರ ಬಾಯಿಗಿಡುತ್ತಾಳೆ. ಅವಳು ಯಾವ ಧರ್ಮದವಳೋ. ದೂತನ ಕೆಲಸವನ್ನಂತೂ ಮಾಡುತ್ತಿದ್ದಾಳೆ. ನಿನಗೂ ಯಾರಾದರೂ ಹಾಗೆ ಕೊಟ್ಟರೆ ಸಂಕೋಚಪಡದೆ ತಗೋ. ಕೊಡುವುದನ್ನು ನಮ್ಮ ಮನೆತನ ಕಲಿಸಿದೆ, ತೆಗೆದುಕೊಳ್ಳುವುದನ್ನು ಅಷ್ಟಾಗಿ ಕಲಿಸಿಲ್ಲ.

ಮಾತು ಬಾರದಿದ್ದರೆ ಕೀರ್ತನೆ 121 ಸಾಕು. ಯೆರೂಸಲೇಮಿನ ದಾರಿ ಹಿಡಿದ ಯಾತ್ರಿಕರ ಹಾಡುಗಳಲ್ಲಿ ಅದೂ ಒಂದು. ಅಪ್ಪನ ಮಂಚದ ಪಕ್ಕ ಮೆಲ್ಲಗೆ ಓದು. ಓದಲೂ ಆಗದ ದಿನ ನನಗೆ ಫೋನ್ ಮಾಡು, ನಾನು ಓದುತ್ತೇನೆ. ಸಭಾಪಾಲಕರಿಗೆ ಹೇಳಿದ್ದೇನೆ: ಭಾನುವಾರ ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟದ ಇಬ್ಬರು ಬಂದು ಅಪ್ಪನ ಹತ್ತಿರ ಸಂಜೆವರೆಗೆ ಕೂರುತ್ತಾರೆ. ನೀನು ಕೋಣೆಗೆ ಹೋಗಿ, ಸ್ನಾನ ಮಾಡಿ, ಉಂಡು ಮಲಗು. ಅಲಾರಂ ಇಡಬೇಡ.

ನಿನ್ನ ದೊಡ್ಡಮ್ಮ