ಸ್ಟೆಪ್ನಿ ಕವರಿಗೆ ಎಷ್ಟು ಸುರಿಯಬೇಕು?

ನಮ್ಮ ಮನೆಯ ಬೊಲೆರೊ 2009ರ ಮಾಡೆಲ್. ಕ್ಲಚ್ ಪ್ಲೇಟ್, ರೇಡಿಯೇಟರ್ ಎಂದು ದೊಡ್ಡ ಬಿಲ್ ಎದುರಾದಾಗ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತೇವೆ, ಎರಡು ಮೂರು ಗ್ಯಾರೇಜುಗಳಲ್ಲಿ ವಿಚಾರಿಸುತ್ತೇವೆ. ಸಾವಿರ, ಎರಡು ಸಾವಿರದ ಖರ್ಚಿಗೆ ಅಷ್ಟೊಂದು ಮರ್ಯಾದೆ ಸಿಗುವುದಿಲ್ಲ. ಅಂಗಡಿಯವನು ಹೇಳಿದ್ದು ಕೊಟ್ಟು ಬರುತ್ತೇವೆ. ಹಳೆಯ ಗಾಡಿಯ ವರ್ಷದ ಖರ್ಚು ಕೂಡಿಸಿ ನೋಡಿದರೆ ಇಂಥ ಚಿಲ್ಲರೆ ಬಾಬ್ತುಗಳೇ ಸದ್ದಿಲ್ಲದೆ ಜೇಬು ಖಾಲಿ ಮಾಡಿರುತ್ತವೆ. ಹಾಗಾಗಿ ಈ ಸಲ ಹಿಂಬಾಗಿಲಿನ ಸ್ಟೆಪ್ನಿ ಕವರ್ ಹರಿದಾಗ, ಕ್ಲಚ್ಚಿಗೆ ಹಾಕುವಷ್ಟೇ ಶ್ರದ್ಧೆಯಿಂದ ಅದಕ್ಕೂ ಲೆಕ್ಕ ಹಾಕಿದೆ.

ಸಾಗರದ ಕಡೆಯ ಮಳೆ ಬಿಸಿಲಿಗೆ ರೆಕ್ಸಿನ್ ಕವರ್ ಹೆಚ್ಚು ದಿನ ತಾಳುವುದಿಲ್ಲ. ಬೇಸಗೆಯಲ್ಲಿ ಮೇಲ್ಭಾಗ ಸೆಟೆದು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕೆಳಗಿನ ಹೊಲಿಗೆಯ ದಾರ ಕೊಳೆಯುತ್ತದೆ, ಅಂಚಿನ ಎಲಾಸ್ಟಿಕ್ ಜೋತು ಬೀಳುತ್ತದೆ. ನಮ್ಮದಕ್ಕೆ ಈ ಮೂರೂ ಆಗಿದ್ದವು. ವಿಚಾರಿಸಿದಾಗ ನನ್ನ ಮುಂದೆ ನಿಂತ ದಾರಿಗಳು ನಾಲ್ಕು. ಬಿಚ್ಚಿದ ಹೊಲಿಗೆಯನ್ನಷ್ಟೇ ಹಾಕಿಸಿದರೆ 200 ರೂಪಾಯಿ. ಆಕ್ಸೆಸರೀಸ್ ಅಂಗಡಿಯ ಸಿದ್ಧ ರೆಕ್ಸಿನ್ ಕವರ್ 600. ಅಳತೆ ಕೊಟ್ಟು ಹೊಲಿಸಿದರೆ 900. ಗಟ್ಟಿ ಪ್ಲಾಸ್ಟಿಕ್ಕಿನದು ಬೇಕೆಂದರೆ 3,200.

ಬೆಲೆಯನ್ನಷ್ಟೇ ನೋಡಿದರೆ 200 ರೂಪಾಯಿಯ ಹೊಲಿಗೆಯೇ ಅಗ್ಗ. ಆದರೆ ಕುಷನ್ ಅಂಗಡಿಯ ಹಿರಿಯರು ಕವರನ್ನು ನೆಲದ ಮೇಲೆ ಹರಡಿ, ಹೊಲಿಗೆಯ ಪಕ್ಕ ಎರಡು ಬೆರಳಲ್ಲಿ ಮಡಚಿ ತೋರಿಸಿದರು. ಮಡಚಿದ ಕಡೆಯೆಲ್ಲ ಮೇಲಿನ ಕಪ್ಪು ಪದರ ಪುಡಿಯಾಗಿ ಒಳಗಿನ ಬಟ್ಟೆ ಕಾಣಿಸಿತು. "ಇದಕ್ಕೆ ಸೂಜಿ ಹಾಕಿದ್ರೆ ತೂತಿನ ಸಾಲೇ ಹರಿಯತ್ತೆ ಸಾರ್. ನಿಮ್ಮ ದುಡ್ಡು, ನನ್ನ ಹೆಸರು ಎರಡೂ ಹೋಗತ್ತೆ" ಎಂದರು. ಮಡಚಿದರೂ ಬಿರುಕು ಬಿಡದ ರೆಕ್ಸಿನ್ ಆಗಿದ್ದರೆ ರಿಪೇರಿಗೆ ಅರ್ಥವಿದೆ, ಇಲ್ಲದಿದ್ದರೆ ಆ 200 ರೂಪಾಯಿ ನೀರಿಗೆ ಹಾಕಿದಂತೆ. ಪರೀಕ್ಷೆಗೆ ಖರ್ಚೇನೂ ಇಲ್ಲ, ನೀವೂ ಮನೆಯಲ್ಲೇ ಮಾಡಬಹುದು.

ಉಳಿದ ಮೂರನ್ನು ವರ್ಷದ ಲೆಕ್ಕಕ್ಕೆ ಇಳಿಸಿದೆ. ಸಿದ್ಧ ಕವರ್ ನಮ್ಮೂರಲ್ಲಿ ಎರಡು ಮಳೆಗಾಲ ಕಂಡರೆ ಹೆಚ್ಚು, ಅಂದರೆ ವರ್ಷಕ್ಕೆ 300 ರೂಪಾಯಿ. ದಪ್ಪ ರೆಕ್ಸಿನ್‌ಗೆ ನೈಲಾನ್ ದಾರ ಹಾಕಿ ಹೊಲಿದದ್ದು ನಾಲ್ಕು ವರ್ಷ ಬಾಳುತ್ತದೆಂದು ಹಿಡಿದರೆ ವರ್ಷಕ್ಕೆ 225. ಗಟ್ಟಿ ಕವರ್ ಹತ್ತು ವರ್ಷ ಬಂದರೂ ಬಂದೀತು. ಆದರೆ ಗಾಡಿ ಅಷ್ಟು ವರ್ಷ ಇರಬೇಕಲ್ಲ! 15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿ ಒಂದು ಸಲಕ್ಕೆ ಐದು ವರ್ಷಕ್ಕಷ್ಟೇ ನವೀಕರಣವಾಗುತ್ತದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ನಮ್ಮ ಬೊಲೆರೊ ಮುಂದಿನ ನವೀಕರಣ ಕಾಣುತ್ತದೆಂಬ ಖಾತರಿ ನನಗಿಲ್ಲ. ಹಾಗಾಗಿ 3,200ನ್ನು ಹತ್ತರಿಂದ ಭಾಗಿಸುವ ಧೈರ್ಯ ಬರಲಿಲ್ಲ. ಐದರಿಂದ ಭಾಗಿಸಿದರೂ ವರ್ಷಕ್ಕೆ 640 ಆಯಿತು. ಹಳೆಯ ಗಾಡಿಗೆ ಏನೇ ಕೊಳ್ಳುವಾಗಲೂ ವಸ್ತುವಿನ ಆಯುಸ್ಸು, ಗಾಡಿಯ ಆಯುಸ್ಸು ಎರಡರಲ್ಲಿ ಯಾವುದು ಕಡಿಮೆಯೋ ಅದರಿಂದ ಭಾಗಿಸಬೇಕು.

ಇಷ್ಟಾದರೂ ಲೆಕ್ಕ ಮುಗಿಯಲಿಲ್ಲ. ಕವರ್ ಇರುವುದು ಟೈರಿಗಾಗಿ. ಆ ಟೈರ್ ಹೇಗಿದೆ?

ಕವರ್ ಕಳಚಿದರೆ ಒಳಗಿನದು ಹೊಸದರಂತೆಯೇ ಕಂಡಿತು, ಗುಂಡಿ ಸವೆದೇ ಇರಲಿಲ್ಲ. ಟೈರಿನ ಪಕ್ಕದ ಗೋಡೆಯಲ್ಲಿ 'ಡಾಟ್' ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 2314 ಎಂದಿತ್ತು, ಅಂದರೆ 2014ರ 23ನೇ ವಾರದ್ದು. ಹತ್ತು ವರ್ಷವಾದ ಟೈರನ್ನು, ಒಮ್ಮೆಯೂ ಬಳಸದ ಸ್ಟೆಪ್ನಿಯಾದರೂ ಸರಿ, ತೆಗೆದುಬಿಡಿ ಎಂದು ಟೈರ್ ತಯಾರಕರೇ ಹೇಳುತ್ತಾರೆ. ಬಳಸದೆ ಇಟ್ಟರೆ ಕೆಡುವುದಿಲ್ಲ ಎಂಬ ಮಾತು ರಬ್ಬರಿಗೆ ಒಪ್ಪುವುದಿಲ್ಲ. ಬಿಸಿಲು ಮತ್ತು ಓಝೋನ್ ತಡೆಯಲೆಂದು ರಬ್ಬರಿನೊಳಗೆ ಬೆರೆಸಿದ ಮೇಣ, ಟೈರ್ ಓಡಾಡಿ ಬಾಗಿ ಬಳುಕಿದಾಗಲೇ ಚೆನ್ನಾಗಿ ಮೇಲಕ್ಕೆ ಬರುವುದು. ನೇತಾಡಿಕೊಂಡೇ ಇರುವ ಸ್ಟೆಪ್ನಿಗೆ ಆ ಸೇವೆ ಇಲ್ಲ. ಉಗುರಿನಿಂದ ಗುಂಡಿಗಳ ಬುಡ ಅಗಲಿಸಿ ನೋಡಿದೆ. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸುತ್ತಲೂ ಹಬ್ಬಿದ್ದವು. ಗಾಳಿ ಹಿಡಿದು ನೋಡಿದರೆ ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಇಂಥ ಟೈರಿಗೆ 3,200ರ ಕವರ್ ಹಾಕುವುದೆಂದರೆ ಮೂಗಿಗಿಂತ ಮೂಗುತಿ ಭಾರ.

ಹೊಸ ಟೈರಿಗೆ ಆರು ಸಾವಿರದ ಹತ್ತಿರ ಬೆಲೆ ಹೇಳಿದರು. ಅದನ್ನೂ ಕೊಡಬೇಕಾಗಿ ಬರಲಿಲ್ಲ. ಮುಂದಿನ ಎರಡು ಟೈರ್ ಬದಲಿಸುವುದು ಹೇಗೂ ಬಾಕಿ ಇತ್ತು. ತೆಗೆದ ಎರಡರಲ್ಲಿ ಚೆನ್ನಾಗಿದ್ದ ಒಂದನ್ನು ಸ್ಟೆಪ್ನಿ ರಿಮ್ಮಿಗೆ ಹಾಕಿಸಿದೆ. ಕಾರಿನ ಟೈರಿನಲ್ಲಿ 1.6 ಮಿಲಿಮೀಟರಿಗಿಂತ ಕಡಿಮೆ ಗುಂಡಿ ಉಳಿದಿದ್ದರೆ ಕಾನೂನು ಒಪ್ಪುವುದಿಲ್ಲ. ಅದರ ಮೇಲೆ ಸಾಕಷ್ಟು ಉಳಿದಿರುವ, ಐದಾರು ವರ್ಷದೊಳಗಿನ ಟೈರ್ ಸ್ಟೆಪ್ನಿ ಕೆಲಸಕ್ಕೆ ಧಾರಾಳ. ಆರು ಸಾವಿರ ಉಳಿಯಿತು, ಖರ್ಚಾದದ್ದು ಫಿಟ್ಟಿಂಗ್ ಚಾರ್ಜು ಮಾತ್ರ.

ಇನ್ನು ಹೊಲಿಸುವಾಗಿನ ಅಳತೆ. ಬೊಲೆರೊದ ಟೈರ್ 215/75 ಆರ್15. 215ರ ಶೇ 75 ಅಂದರೆ 161 ಮಿ.ಮೀ. ಪಕ್ಕದ ಎತ್ತರ, ಮೇಲೆ ಕೆಳಗೆ ಸೇರಿ 322. ರಿಮ್ಮಿನ 15 ಇಂಚು ಎಂದರೆ 381 ಮಿ.ಮೀ. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಅನೇಕರು ಇದೇ ಗಾಡಿಗೆ 235/75 ಹಾಕಿಸಿಕೊಳ್ಳುತ್ತಾರೆ. ಅದರ ವ್ಯಾಸ 733. ಮೂರು ಸೆಂಟಿಮೀಟರ್ ಹೆಚ್ಚಾದರೆ 'ಬೊಲೆರೊ ಸೈಜ್' ಎಂದು ಮಾರುವ ಸಿದ್ಧ ಕವರ್ ಎಳೆದೆಳೆದು ಹಾಕಿ, ಹೊಲಿಗೆಯಲ್ಲೇ ಬಿಟ್ಟುಕೊಳ್ಳುತ್ತದೆ. ಗಾಡಿಯ ಹೆಸರು ಹೇಳಿ ಕೊಳ್ಳುವ ಬದಲು ಟೈರಿನ ಮೇಲಿನ ಅಳತೆ ಬರೆದುಕೊಂಡು ಹೋಗಿ.

ಹೊಲಿಸುವುದರ ಇನ್ನೊಂದು ಲಾಭ, ಬೇಕಾದ್ದನ್ನು ಕೇಳಿ ಮಾಡಿಸಬಹುದು. ಕವರಿನ ಕೆಳಭಾಗಕ್ಕೆ ಟಾರ್ಪಾಲಿನ್ ಅಂಚಿನಲ್ಲಿರುವಂಥ ಎರಡು ಲೋಹದ ಉಂಗುರ ಹಾಕಿಸಿದೆ. ಒಳಗೆ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗುತ್ತದೆ, ರಿಮ್ಮು, ನಟ್ಟು ತುಕ್ಕು ಹಿಡಿಯುವುದು ತಪ್ಪುತ್ತದೆ. ವಾಲ್ವ್ ಬರುವ ಜಾಗದಲ್ಲಿ ವೆಲ್ಕ್ರೊ ಇರುವ ಸಣ್ಣ ಕಿಟಕಿ ಮಾಡಿಸಿದೆ. ಕವರ್ ಕಳಚುವ ಸೋಮಾರಿತನಕ್ಕೇ ಬಹಳ ಜನ ಸ್ಟೆಪ್ನಿಯ ಗಾಳಿ ನೋಡುವುದಿಲ್ಲ. ಎರಡೂ 900ರಲ್ಲೇ ಆಯಿತು.

ಇಕೊಸ್ಪೋರ್ಟ್, ಟಿಯುವಿ300ರಂಥ ಗಾಡಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಕವರ್ ಗಾಡಿಯ ಅಂದದ್ದೇ ಒಂದು ಭಾಗ. ಅದು ಸೀಳಿದರೆ ಹೊಸದು ಕೊಳ್ಳುವ ಮೊದಲು ಒಳಮೈ ನೋಡಿ, ಪ್ಲಾಸ್ಟಿಕ್ಕಿನ ಜಾತಿ ಅಚ್ಚಾಗಿರುತ್ತದೆ. 'ಎಬಿಎಸ್' ಎಂದಿದ್ದರೆ ಎಪಾಕ್ಸಿ ಅಂಟು ಹಿಡಿಯುತ್ತದೆ. ಒಳಗಿನಿಂದ ಬಲೆಯ ಪಟ್ಟಿ ಕೊಟ್ಟು ಅಂಟಿಸಿ, ಹೊರಗೆ ಉಜ್ಜಿ ಬಣ್ಣ ಹೊಡೆಸಿದರೆ ಆಯಿತು. 'ಪಿಪಿ' ಎಂದಿದ್ದರೆ ಸಾಮಾನ್ಯ ಅಂಟು ಎರಡೇ ದಿನದಲ್ಲಿ ಕಿತ್ತುಬರುತ್ತದೆ. ಅದಕ್ಕೆ ಕಾಯಿಸಿ ಬೆಸೆಯುವುದೇ ದಾರಿ, ಬಂಪರ್ ರಿಪೇರಿ ಮಾಡುವವರಿಗೆ ಈ ಕೆಲಸ ಗೊತ್ತಿರುತ್ತದೆ. ಹೊಸದನ್ನೇ ಕೊಳ್ಳುವುದಾದರೆ, ವಾಹನ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿರುವುದು ನೆನಪಿರಲಿ, ಬಿಲ್ಲಿನಲ್ಲಿ ಶೇ 28 ಹಾಕಿದ್ದರೆ ಪ್ರಶ್ನಿಸಿ.

"ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡು" ಎಂದು ನಮ್ಮ ಭಾವ ಸಲಹೆ ಕೊಟ್ಟರು. ಸವೆದು ಹರಿದದ್ದಕ್ಕೆ ವಿಮೆ ಇಲ್ಲವೇ ಇಲ್ಲ. ಯಾರೋ ರಿವರ್ಸ್ ತೆಗೆಯುವಾಗ ಗುದ್ದಿ ಗಟ್ಟಿ ಕವರ್ ಒಡೆಯಿತೆಂದೇ ಇಟ್ಟುಕೊಳ್ಳಿ. 3,200ರ ಪ್ಲಾಸ್ಟಿಕ್ ಭಾಗಕ್ಕೆ ಶೇ 50 ಸವಕಳಿ ಕಳೆದರೆ ಉಳಿಯುವುದು 1,600. 1500 ಸಿಸಿಗಿಂತ ದೊಡ್ಡ ಎಂಜಿನ್ನಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 2,000 ರೂಪಾಯಿ ಮಾಲೀಕನದೇ. ಕೈಗೆ ಬರುವುದು ಸೊನ್ನೆ. ಬಂಪರ್, ದೀಪ ಎಂದು ಬಿಲ್ ಸ್ವಲ್ಪ ದೊಡ್ಡದಾಗಿ ಐನೂರು ರೂಪಾಯಿ ಬಂತೆನ್ನಿ, ಕ್ಲೇಮ್ ಮಾಡಿದ್ದಕ್ಕೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಶೇ 20ರಿಂದ ಹತ್ತಿ ಶೇ 50ಕ್ಕೆ ಮತ್ತೆ ಮುಟ್ಟಲು ಐದು ವರ್ಷ ಬೇಕು. ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿ ಇಲ್ಲದೆ 4,000 ಇದ್ದರೆ, ಮರುವರ್ಷ ಒಂದರಲ್ಲೇ 2,000 ಹೆಚ್ಚು ಕಟ್ಟಬೇಕು. ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರಿಗೆ ಈ ಲೆಕ್ಕದ ತಲೆನೋವೂ ಇಲ್ಲ, ಸ್ವಂತ ಗಾಡಿಗೆ ಅದರಲ್ಲಿ ಏನೂ ಸಿಗುವುದಿಲ್ಲ.

ಮಾರುವಾಗ ಬೆಲೆ ಬಂದೀತೆಂದು ಕವರಿಗೆ ಸುರಿಯುವುದೂ ಬೇಡ. ಹಳೆಯ ಬೊಲೆರೊ ಕೊಳ್ಳಲು ಬಂದವನು ಚಾಸಿಯ ತುಕ್ಕು, ಎಂಜಿನ್ನಿನ ಹೊಗೆ, ಆರ್‌ಸಿಯ ಅವಧಿ ನೋಡುತ್ತಾನೆ. ಹರಿದ ಕವರ್ ಅವನ ಚೌಕಾಸಿಗೆ ಒಂದು ನೆಪವಾದೀತು, ಹೊಸ ಕವರಿಗಾಗಿ ಅವನು ನೂರು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ.

ಈಗ ನನ್ನ ಕ್ರಮ ಇಷ್ಟು: ಮೊದಲು ಟೈರಿನ ತಾರೀಖು, ಆಮೇಲೆ ಗಾಳಿ, ಆಮೇಲೆ ಸುಮಾರು 20 ಕಿಲೋ ಭಾರ ಹೊತ್ತ ಹಿಂಬಾಗಿಲಿನ ಕೀಲು ಮತ್ತು ನಟ್ಟು, ಕಡೆಗೆ ಕವರ್. ಮೊದಲ ಮೂರು ಸರಿಯಿಲ್ಲದಿದ್ದರೆ ಕವರಿನ ಹಣವನ್ನು ಅತ್ತ ತಿರುಗಿಸಿ, ಹರಿದ ಕವರಿನಲ್ಲೇ ಇನ್ನೊಂದು ವರ್ಷ ಓಡಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.