ವರ್ಣಗಳ ನೆರೆಹೊರೆ: ಯೋಸೆಫ್ ಆಲ್ಬರ್ಸರ ಚೌಕಚಿತ್ರಗಳು

‘ವರ್ಣ’ವೆಂಬ ಶಬ್ದಕ್ಕೆ ಅಕ್ಷರವೆಂದೂ ಬಣ್ಣವೆಂದೂ ಎರಡರ್ಥಗಳುಂಟು. ‘ಮಳೆ’ ಎಂಬುದರ ಮುಂದೆ ‘ಕಾಲ’ವು ಬಂದು ನಿಂತೊಡನೆ ಕಕಾರವು ಗಕಾರವಾಗಿ ‘ಮಳೆಗಾಲ’ವೆನಿಸುವುದನ್ನು ಬಾಲಕರು ಸಂಧಿಪ್ರಕರಣದಲ್ಲಿ ಓದುತ್ತಾರೆ. ನೆರೆಯ ಬಲದಿಂದ ಅಕ್ಷರವು ಮಾರ್ಪಡುವಂತೆ ಬಣ್ಣವೂ ಮಾರ್ಪಡುವುದುಂಟೆ? ಈ ಒಂದು ಪ್ರಶ್ನೆಯನ್ನೇ ಹಿಡಿದು, 1950ರಿಂದ 1976ರಲ್ಲಿ ದೇಹಾವಸಾನವಾಗುವವರೆಗೆ, ಚೌಕದೊಳಗೆ ಚೌಕವನ್ನಿರಿಸಿದ ಸಾವಿರಕ್ಕೂ ಮಿಕ್ಕ ಕೃತಿಗಳನ್ನು ರಚಿಸಿದವರು ಯೋಸೆಫ್ ಆಲ್ಬರ್ಸರು. ಆ ಮಾಲೆಗೆ ಅವರಿತ್ತ ಹೆಸರು ‘ಚೌಕಕ್ಕೆ ನಮನ’ ಎಂಬರ್ಥದ್ದು.

ಆಲ್ಬರ್ಸರು 1888ರ ಮಾರ್ಚ್ 19ರಂದು ಜರ್ಮನಿಯ ಬೊಟ್ರೋಪ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕುಶಲಕರ್ಮಿ. ಬಾಗಿಲಿಗೆ ಬಣ್ಣ ಹಚ್ಚುವಾಗ ನಡುವಿನಿಂದ ಮೊದಲುಮಾಡಿ ಅಂಚಿನತ್ತ ಸಾಗಬೇಕೆಂಬುದು ಆ ತಂದೆಯಿಂದ ಬಂದ ಪಾಠ. ಮಗನು ಚೌಕಗಳನ್ನು ಬರೆದುದೂ ಅದೇ ಕ್ರಮದಲ್ಲಿ. ಚಿತ್ರಕಾರರೆನಿಸುವ ಮೊದಲು ಅವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರೆಂಬುದು ಇಲ್ಲಿ ಗಮನಾರ್ಹ. ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಗೆ ವಿದ್ಯಾರ್ಥಿಯಾಗಿ ಸೇರಿದುದು 1920ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ! ಮುಂದೆ ಅಲ್ಲಿಯೇ ಅಧ್ಯಾಪಕರಾದರು. 1933ರಲ್ಲಿ ನಾಜಿಗಳ ಒತ್ತಡದಿಂದ ಆ ಶಾಲೆ ಮುಚ್ಚಿತು. ಪತ್ನಿ ಆ್ಯನಿಯವರು ಯಹೂದಿ ಕುಲದವರು. ನೆಯ್ಗೆಯ ಕಲೆಯಲ್ಲಿ ಸ್ವತಂತ್ರ ಕೀರ್ತಿವಂತರು. ದಂಪತಿಗಳು ಅದೇ ವರ್ಷ ಅಮೆರಿಕೆಗೆ ತೆರಳಿದರು. ಇಂಗ್ಲಿಷ್ ಭಾಷೆಯನ್ನೇ ಸರಿಯಾಗಿ ಅರಿಯದ ಆಲ್ಬರ್ಸರು ನಾರ್ತ್ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಬೋಧನೆಗೆ ನಿಂತರು. 1950ರಿಂದ 1958ರವರೆಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದರು.

1962ರಲ್ಲಿ ನ್ಯೂ ಹೇವನ್ ನಗರದಿಂದ ಈ ಮಾಲೆಯ ಹತ್ತು ಚಿತ್ರಗಳ ಒಂದು ಸಂಪುಟ ಸ್ಕ್ರೀನ್ ಮುದ್ರಣದಲ್ಲಿ ಹೊರಬಂದಿತು. ಚೌಕಟ್ಟಿಗೆ ಬಿಗಿದ ರೇಷ್ಮೆಬಟ್ಟೆಯಲ್ಲಿ ಬಣ್ಣ ಇಳಿಯಬಾರದ ಭಾಗವನ್ನು ಮುಚ್ಚಿ, ಮಿಕ್ಕೆಡೆಯಲ್ಲಿ ರಬ್ಬರಿನ ಪಟ್ಟಿಯಿಂದ ಶಾಯಿಯನ್ನು ಎಳೆಯುವುದೇ ಈ ವಿಧಾನ. ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆಗಳನ್ನು ಅಚ್ಚು ಹಾಕುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಮೆರಿಕೆಯಲ್ಲಿಯೂ 1930ರ ದಶಕದವರೆಗೆ ಇದು ಬಹುಮಟ್ಟಿಗೆ ಅಂಗಡಿಯ ಫಲಕ, ಜಾಹೀರಾತುಗಳ ಕಸುಬಾಗಿತ್ತು.

ಚಿತ್ರದಲ್ಲಿ ಮನುಷ್ಯನಿಲ್ಲ, ಮರವಿಲ್ಲ, ಹೂವಿಲ್ಲ. ಒಂದರೊಳಗೊಂದು ಮೂರೋ ನಾಲ್ಕೋ ಚೌಕಗಳು. ಅವೂ ಮಧ್ಯದಲ್ಲಿರದೆ ಕೆಳಕ್ಕೆ ಇಳಿದಿವೆ. ಕೆಳಗಣ ಅಂತರ ಒಂದು ಪಾಲಾದರೆ ಪಕ್ಕಗಳದು ಎರಡು, ಮೇಲಿನದು ಮೂರು. ಇಷ್ಟೇ! ಆದರೂ ತುಸು ಹೊತ್ತು ದಿಟ್ಟಿಸಿದರೆ ಒಳಚೌಕವು ಮುಂದೆ ಬಂದಂತೆ, ಮರುಕ್ಷಣವೇ ಗವಿಯಂತೆ ಹಿಂದೆ ಸರಿದಂತೆ ತೋರುತ್ತದೆ. ಎರಡು ಬಣ್ಣಗಳ ಗಡಿಯಲ್ಲಿ, ಯಾರೂ ಬಳಿಯದ ಒಂದು ಹೊಳಪು ಸುಳಿಯುತ್ತದೆ. ಅಕ್ಷರಸಂಧಿಗೂ ಇದಕ್ಕೂ ಒಂದು ಭೇದವುಂಟು: ಅಲ್ಲಿ ವರ್ಣವು ನಿಜವಾಗಿಯೇ ಬದಲಾಗುತ್ತದೆ, ಇಲ್ಲಿ ಶಾಯಿ ಇದ್ದಂತೆಯೇ ಇದ್ದು, ಕಾಣ್ಕೆ ಮಾತ್ರ ಬದಲಾಗುತ್ತದೆ. ಅರಿಸಿನ ಬಣ್ಣದ ಒಂದೇ ಬಟ್ಟೆಯ ಎರಡು ತುಣುಕುಗಳನ್ನು, ಒಂದನ್ನು ಕಡುಹಸಿರಿನ ಮೇಲೂ ಇನ್ನೊಂದನ್ನು ಬಿಳಿಯ ಮೇಲೂ ಇಟ್ಟು ನೋಡಿದವರಿಗೆ ಇದು ವೇದ್ಯ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಈ ತತ್ತ್ವವನ್ನು 1839ರಲ್ಲಿಯೇ ವಿವರಿಸಿದ್ದನು.

ಹಾಗಾದರೆ ಆಲ್ಬರ್ಸರ ಹಿರಿಮೆ ಯಾವುದು? ತತ್ತ್ವವನ್ನು ಮೊದಲು ಹೇಳದೆ ಕಣ್ಣಿಗೆ ಅಭ್ಯಾಸ ಮಾಡಿಸಿದುದು. ಒಂದೇ ಬಣ್ಣವನ್ನು ಎರಡಾಗಿ ತೋರಿಸಿರಿ, ಎರಡು ಬಣ್ಣಗಳನ್ನು ಒಂದಾಗಿ ತೋರಿಸಿರಿ ಎಂಬಂಥ ಸಮಸ್ಯೆಗಳನ್ನು ಅವರು ತರಗತಿಗೆ ಒಡ್ಡುತ್ತಿದ್ದರು. ಸಾಧನ ಕುಂಚವಲ್ಲ, ಬಣ್ಣದ ಕಾಗದದ ಚೂರುಗಳು. ಶಿಷ್ಯರ ಇಂಥ ಅಭ್ಯಾಸಗಳನ್ನೇ ಸ್ಕ್ರೀನ್ ಮುದ್ರಣದ ಫಲಕಗಳಾಗಿಸಿ 1963ರಲ್ಲಿ ಪ್ರಕಟಿಸಿದ ‘ಇಂಟರ್‍ಯಾಕ್ಷನ್ ಆಫ್ ಕಲರ್’ ಗ್ರಂಥವು ಕಲಾಶಿಕ್ಷಣದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಮೆರಿಕದ ಅಂಚೆ ಇಲಾಖೆಯು 1980ರಲ್ಲಿ ಶಿಕ್ಷಣದ ಗೌರವಾರ್ಥವಾಗಿ ಹೊರಡಿಸಿದ ಅಂಚೆಚೀಟಿಗೆ ಆರಿಸಿಕೊಂಡುದೂ ಈ ಚೌಕವನ್ನೇ.

1962ರ ಸಂಪುಟವನ್ನು ಆಲ್ಬರ್ಸರು ಸ್ವಹಸ್ತದಿಂದ ಮುದ್ರಿಸಲಿಲ್ಲ. ಹಿಂದೆ ಅವರ ಶಿಷ್ಯರಾಗಿದ್ದ ನಾರ್ಮನ್ ಐವ್ಸ್ ಮತ್ತು ಸ್ಯೂವೆಲ್ ಸಿಲ್ಮನ್ ಅದನ್ನು ಮಾಡಿಸಿ ಪ್ರಕಟಿಸಿದರು. ಕಲಾವಿದನ ಕೈ ಸೋಕದುದು ಕಲೆಯೇ ಎಂದು ಆಕ್ಷೇಪಿಸುವವರುಂಟು. ಓಲೆಯ ಪ್ರತಿಯನ್ನು ಲಿಪಿಕಾರನು ಬರೆದನೆಂದ ಮಾತ್ರಕ್ಕೆ ಕಾವ್ಯವು ಕವಿಯದಲ್ಲವೆನ್ನಲಾದೀತೆ? ಇಲ್ಲಂತೂ ಕೈಯ ಗುರುತು ಅಳಿಯುವುದೇ ಬೇಕಾಗಿದ್ದಿತು. ತಮ್ಮ ತೈಲಚಿತ್ರಗಳಲ್ಲಿಯೂ ಆಲ್ಬರ್ಸರು ಕೊಳವೆಯಿಂದ ತೆಗೆದ ಬಣ್ಣವನ್ನು ಚೂರಿಯಿಂದ ಹರಡುತ್ತಿದ್ದರು. ಯಾವ ಬಣ್ಣ, ಯಾವ ತಯಾರಕರದು ಎಂಬುದನ್ನು ಹಲಗೆಯ ಹಿಂದೆ ಬರೆದಿಡುತ್ತಿದ್ದರು. ಪರದೆಯಿಂದ ಇಳಿದ ಶಾಯಿಯಲ್ಲಿ ಕುಂಚದ ಗೆರೆಯಿಲ್ಲ, ಏರಿಳಿತವಿಲ್ಲ. ಹೊಳಪಾಗಲಿ ಮಬ್ಬಾಗಲಿ ಕಂಡುದೆಲ್ಲವೂ ನೆರೆಯ ಬಣ್ಣದಿಂದಲೇ ಬಂದುದೆಂಬುದಕ್ಕೆ ಇದಕ್ಕಿಂತ ಶುದ್ಧವಾದ ಪ್ರಮಾಣ ದೊರೆಯಲಾರದು.

ಇಂಥ ಹಳೆಯ ಮುದ್ರಿಕೆಗಳನ್ನು ಹೊಂದಿದವರು ಅವುಗಳನ್ನು ನೇರ ಬಿಸಿಲಿಗೆ ಒಡ್ಡಬಾರದು. ಒಂದು ಬಣ್ಣ ಮಾಸಿದರೆ ಅದರ ಪಕ್ಕದ, ಮಾಸದೆ ಉಳಿದ ಬಣ್ಣವೂ ಮೊದಲಿನಂತೆ ಕಾಣದು.