ಸೆಲ್ಲಾರಿನಲ್ಲಿ ಜಿಪ್ಸಿಗೆ ಮಿಸ್ಸಿಂಗ್, ಅಪ್ಪ-ಮಗನಿಗೆ ತಲೆನೋವು

ಪ್ರಶ್ನೆ: ಡಾಕ್ಟರೇ, ನನಗೆ 52 ವರ್ಷ. 1994ರ ಕಾರ್ಬುರೇಟರ್ ಜಿಪ್ಸಿ ಇಟ್ಟುಕೊಂಡಿದ್ದೇನೆ. ಭಾನುವಾರ ಬಂತೆಂದರೆ ಮಾಗಡಿ ಕಡೆ ಗುಡ್ಡ, ಹಳ್ಳ ಅಂತ ಆಫ್‌ರೋಡ್ ಹೋಗುವ ಚಟ. ಈಚೆಗೆ ಒಂದು ಹಳ್ಳ ದಾಟಿಸಿದ ಮೇಲೆ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ. ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಪಿಕಪ್ ಇಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ಮಗನ ಜೊತೆ ಮನೆಯ ಸೆಲ್ಲಾರಿನಲ್ಲೇ ಇಂಜಿನ್ ಆನ್ ಮಾಡಿ ನೋಡುತ್ತೇನೆ. ಸದ್ದಿಗೆ ಪಕ್ಕದ ಮನೆಯವರು ರೇಗುತ್ತಾರೆಂದು ಷಟರ್ ಅರ್ಧ ಇಳಿಸಿರುತ್ತೇವೆ. ಸ್ವಲ್ಪ ಹೊತ್ತಿಗೆಲ್ಲ ಕಣ್ಣುರಿ, ತಲೆಸಿಡಿತ, ಓಕರಿಕೆ. ಮಗನಿಗೂ ತಲೆನೋವು. ಟೆರೇಸಿಗೆ ಹೋಗಿ ಕೂತರೆ ಕಡಿಮೆಯಾಗುತ್ತದೆ. ಬಿ.ಪಿ. ಸರಿಯಿದೆ, ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ 98 ತೋರಿಸುತ್ತದೆ. ಮನೆಯವರು ಗ್ಯಾಸ್ಟ್ರಿಕ್ ಅನ್ನುತ್ತಾರೆ. ತಲೆ ಸ್ಕ್ಯಾನ್ ಮಾಡಿಸಬೇಕೇ?
– ಹೆಸರು ಬೇಡ, ಬಸವೇಶ್ವರನಗರ

ಉತ್ತರ: ಮೊದಲು ಷಟರ್ ಎತ್ತಿ, ಗಾಡಿಯನ್ನು ಹೊರಗೆ ತಳ್ಳಿ. ಸ್ಕ್ಯಾನ್ ಮಾತು ಆಮೇಲೆ.

ಗ್ಯಾಸ್ಟ್ರಿಕ್ ಆಗಿದ್ದರೆ ಅಪ್ಪ-ಮಗ ಇಬ್ಬರಿಗೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಬಂದು, ಟೆರೇಸ್ ಹತ್ತಿದೊಡನೆ ಇಳಿಯುವುದಿಲ್ಲ. ನೀವು ಬರೆದಿರುವುದು ಕಾರ್ಬನ್ ಮೊನಾಕ್ಸೈಡ್ ವಿಷದ ಲಕ್ಷಣ. ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಬೆಂಗಳೂರಿನವರಿಗೆ ಹೊಸದಲ್ಲ. ಇದೂ ಅದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ನಿಮ್ಮ ಕಣ್ಣು ಉರಿಸುತ್ತಿರುವುದು ಹೊಗೆಯಲ್ಲಿ ಉರಿಯದೆ ಬರುವ ಪೆಟ್ರೋಲಿನ ಆವಿ. ಮೂಗಿಗೆ ತಿಳಿಯುವುದು ಅದೊಂದೇ. ಜೀವಕ್ಕೆ ಕುತ್ತು ತರುವುದು ಮೂಗಿಗೆ ತಿಳಿಯುವುದೇ ಇಲ್ಲ.

ಆಕ್ಸಿಮೀಟರ್ ನಂಬಿ ಕೂರಬೇಡಿ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷ ಹೊತ್ತ ರಕ್ತವನ್ನೂ ಆಮ್ಲಜನಕ ಹೊತ್ತ ರಕ್ತವೆಂದೇ ಲೆಕ್ಕ ಹಾಕಿ 98 ಎನ್ನುತ್ತದೆ. ನಿಜ ತಿಳಿಯಬೇಕಾದರೆ ಆಸ್ಪತ್ರೆಯಲ್ಲಿ ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ ಅಳೆಯಬೇಕು, ಅದೂ ಬೇಗ. ಹೊರಗಿನ ಗಾಳಿಯಲ್ಲಿ ಅದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಅಂದರೆ ಟೆರೇಸಿನಲ್ಲಿ ಒಂದು ಲೋಟ ಕಾಫಿ ಕುಡಿದು, ತಲೆನೋವು ಹೋಯಿತೆಂದು ಮತ್ತೆ ಕೆಳಗಿಳಿದರೆ ಹಳೆಯ ಬಾಕಿಯ ಮೇಲೆ ಹೊಸ ಸಾಲ. ಎಚ್ಚರ ತಪ್ಪುವುದು, ಎದೆನೋವು, ಮಾತು ತೊದಲುವುದು, ಗೊಂದಲ ಕಂಡರೆ 108ಕ್ಕೆ ಕರೆ ಮಾಡಿ. ಜೋರಾಗಿ ವಿಷವೇರಿದವರಲ್ಲಿ ಕೆಲವರಿಗೆ ವಾರಗಳಾದ ಮೇಲೆ ಮರೆವು, ನಡಿಗೆಯಲ್ಲಿ ತೊಡಕು ಬರುವುದುಂಟು; ಮಗನ ಮೇಲೂ ಕಣ್ಣಿಟ್ಟಿರಿ.

ಇನ್ನೊಂದು ಮಾತು. ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ನೆಲಕ್ಕಿಳಿದು ಷಟರಿನ ಸಂದಿಯಲ್ಲಿ ಹರಿದುಹೋಗುವುದಿಲ್ಲ, ಮೆಟ್ಟಿಲ ಗೂಡಿನಲ್ಲಿ ಮೇಲಕ್ಕೂ ಹತ್ತುತ್ತದೆ. ಮೊದಲ ಮಹಡಿಯಲ್ಲಿ ಬಸುರಿಯೋ ಹೃದ್ರೋಗಿಯೋ ಇದ್ದರೆ ನಿಮಗಿಂತ ಅವರಿಗೆ ಅಪಾಯ ಹೆಚ್ಚು. ಸದ್ದಿಗೆ ರೇಗುವ ಪಕ್ಕದ ಮನೆಯವರು ಅರಿಯದೆಯೇ ಸರಿಯಾದ ಮಾತಾಡಿದ್ದಾರೆ.

ಗಾಡಿಯ ವಿಷಯ ನನ್ನ ವಿಭಾಗವಲ್ಲ ಎಂದು ಕೈತೊಳೆದುಕೊಳ್ಳಬಹುದು. ಆದರೆ ಮಿಸ್ಸಿಂಗ್ ನಿಲ್ಲುವ ತನಕ ನೀವು ಸೆಲ್ಲಾರ್ ಬಿಡುವವರಂತೆ ಕಾಣುವುದಿಲ್ಲ. ಇಂಜಿನ್ ಆಫ್ ಇದ್ದಾಗಲೇ ನೋಡಬಹುದಾದದ್ದು ಬಹಳಷ್ಟಿದೆ. ತೊಂದರೆ ಶುರುವಾದದ್ದು ನೀರು ದಾಟಿದ ಮೇಲೆ. ಆದ್ದರಿಂದ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ. ಒಳಗೆ ತೇವ, ಕೂದಲೆಳೆಯ ಬಿರುಕು, ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಇದ್ದರೆ ಕಿಡಿ ಅಲ್ಲೇ ದಾರಿ ತಪ್ಪುತ್ತಿದೆ. ತೇವವನ್ನು ಒಣಬಟ್ಟೆಯಿಂದ ಒರೆಸಿ, ಬಿರುಕೋ ಗೆರೆಯೋ ಇದ್ದರೆ ಕ್ಯಾಪ್ ಬದಲಿಸಿ. ಆಮೇಲೆ ಇಂಜಿನ್ ತಣ್ಣಗಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಸಾಲಾಗಿ ಇಡಿ. ತಿಳಿಕಂದು ಇದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಅತಿಯಾಗಿದೆ; ಪೆಟ್ರೋಲಿನಲ್ಲೇ ನೆಂದಿದ್ದರೆ ಅಲ್ಲಿ ಕಿಡಿ ಬಿದ್ದಿಲ್ಲ; ಆಯಿಲ್ ಜಿಡ್ಡಿದ್ದರೆ ಗ್ಯಾರೇಜಿನಲ್ಲಿ ಕಂಪ್ರೆಷನ್ ನೋಡಿಸಿ.

ಎಮಿಷನ್ ಟೆಸ್ಟ್ ಚೀಟಿಯನ್ನೂ ಒಮ್ಮೆ ನೋಡಿ. ಅದರಲ್ಲಿ ಎರಡು ಅಂಕಿ ಇರುತ್ತವೆ: ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಹೈಡ್ರೋಕಾರ್ಬನ್ ಮಾತ್ರ ಮೇಲೇರಿದ್ದರೆ ಮೊದಲ ಅನುಮಾನ ಕಿಡಿಯ ಕಡೆಗೆ: ಪ್ಲಗ್, ವೈರ್, ಕ್ಯಾಪ್. ಮೊನಾಕ್ಸೈಡೂ ಏರಿದ್ದರೆ ಕಾರ್ಬುರೇಟರ್, ಸಿಕ್ಕಿಕೊಂಡ ಚೋಕ್, ಕಟ್ಟಿಕೊಂಡ ಏರ್ ಫಿಲ್ಟರ್ ನೋಡಿ. ಆದರೆ ಚೀಟಿಯಲ್ಲಿ ಪಾಸಾಗಿದೆಯೆಂದು ಧೈರ್ಯ ಬೇಡ. ನಿಮ್ಮದರಷ್ಟು ಹಳೆಯ ಗಾಡಿಗೆ ಕಾನೂನು ಒಪ್ಪುವ ಮೊನಾಕ್ಸೈಡ್ ಶೇ 3, ಅಂದರೆ ಹತ್ತು ಲಕ್ಷಕ್ಕೆ 30,000 ಭಾಗ. ಒಂದು ಗಂಟೆ ಉಸಿರಾಡಲು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಹತ್ತು ಲಕ್ಷಕ್ಕೆ ಸುಮಾರು 30. ಪಾಸಾದ ಗಾಡಿಯೂ ಮುಚ್ಚಿದ ಸೆಲ್ಲಾರಿನಲ್ಲಿ ಕೊಲ್ಲಬಲ್ಲದು.

ಇಂಜಿನ್ ಆನ್ ಮಾಡಲೇಬೇಕಾದರೆ ಬಯಲಿನಲ್ಲಿ, ಸೈಲೆನ್ಸರ್ ಯಾರ ಕಿಟಕಿಗೂ ಮುಖ ಮಾಡದಂತೆ ನಿಲ್ಲಿಸಿ. ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡುವ ಹಳೆಯ ಪದ್ಧತಿ ನಿಮಗೆ ಗೊತ್ತೇ ಇರುತ್ತದೆ: ಯಾವುದನ್ನು ಕಿತ್ತರೂ ಇಂಜಿನ್ ನಡುಕ ಹೆಚ್ಚದೋ ಆ ಸಿಲಿಂಡರೇ ಸತ್ತಿರುವುದು. ನಮ್ಮ ಮೇಸ್ತ್ರಿಗಳು ಇದನ್ನು ಬರಿಗೈಯಲ್ಲೇ ಮಾಡಿ ಜಂಬ ಪಡುತ್ತಾರೆ. ನೀವು ರಬ್ಬರ್ ಹಿಡಿಯ ಇಕ್ಕಳ ಬಳಸಿ. ಆ ವೈರಿನಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್ ಇರುತ್ತದೆ. ಕರೆಂಟ್ ಅಲ್ಪವಾದ್ದರಿಂದ ಆರೋಗ್ಯವಂತರಿಗೆ ಅದೇ ಪ್ರಾಣಾಪಾಯ ಮಾಡುವುದು ಅಪರೂಪ. ಬೆಚ್ಚಿ ಸೆಳೆದುಕೊಂಡ ಕೈ ತಿರುಗುವ ಫ್ಯಾನಿಗೆ ಹೋಗುವುದೇ ದೊಡ್ಡ ಭಯ. ಲುಂಗಿ, ಟವೆಲ್, ಸಡಿಲ ತೋಳಿನ ಅಂಗಿ ಬೇಡ.

ಪ್ರಶ್ನೆ: ನನ್ನ ಮಗ ಹಳೆ ಜೀಪಿನಿಂದ ಪೈಪಿನಲ್ಲಿ ಬಾಯಿಂದ ಎಳೆದು ಪೆಟ್ರೋಲ್ ತೆಗೆಯುವಾಗ ಒಂದು ಗುಟುಕು ನುಂಗಿಬಿಟ್ಟ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆ. ಮಾರನೆಯ ದಿನ ಕೆಮ್ಮು, ಜ್ವರ; ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದು ಇಟ್ಟುಕೊಂಡರು. ಈಗ ಹುಷಾರಾಗಿದ್ದಾನೆ. ವಾಂತಿ ಮಾಡಿಸಿದ್ದು ಸರಿಯೇ?
– ಒಬ್ಬ ತಾಯಿ, ಕೆಂಗೇರಿ

ಉತ್ತರ: ಸರಿಯಲ್ಲ ತಾಯಿ. ಹೊಟ್ಟೆಗಿಳಿದ ಒಂದು ಗುಟುಕಿಗಿಂತ ಶ್ವಾಸಕೋಶಕ್ಕೆ ಜಾರಿದ ನಾಲ್ಕು ಹನಿ ಕೆಟ್ಟದ್ದು. ವಾಂತಿಯಾದಾಗ ಅದಕ್ಕೆ ಇನ್ನೊಮ್ಮೆ ಅವಕಾಶ ಸಿಗುತ್ತದೆ. ಬಾಯಿ ಮುಕ್ಕಳಿಸಿ, ಪೆಟ್ರೋಲ್ ಚೆಲ್ಲಿದ ಬಟ್ಟೆ ಬಿಚ್ಚಿಸಿ, ಕೆಮ್ಮು ಬರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಡಿಭಾಗದ ಅಂಗಡಿಯಲ್ಲಿ ಕೈಯಲ್ಲಿ ಒತ್ತುವ ಸಣ್ಣ ಪಂಪ್ ಸಿಗುತ್ತದೆ, ತೆಗೆಸಿಕೊಡಿ. ಗ್ರೀಸ್ ಕೈಯನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ. ಚರ್ಮ ಒಡೆಯುತ್ತದೆ, ಅದರಲ್ಲಿರುವ ಬೆಂಜೀನ್ ಮೈಗೂ ಸೇರುತ್ತದೆ.

ಪ್ರಶ್ನೆ: ವಯಸ್ಸು 68. ಜಯದೇವ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡಿದ್ದೇನೆ. ಹಳೆಯ ಪೆಟ್ರೋಲ್ ಜೀಪಿನ ಬಾನೆಟ್ ಎತ್ತಿ ಕೆಲಸ ಮಾಡಬಹುದೇ?
– ನಿವೃತ್ತ ನೌಕರ, ವಿಜಯನಗರ

ಉತ್ತರ: ಇಂಜಿನ್ ಆಫ್ ಇದ್ದಾಗ ಧಾರಾಳವಾಗಿ ಮಾಡಿ. ಓಡುತ್ತಿರುವಾಗ ಕಾಯಿಲ್, ಡಿಸ್ಟ್ರಿಬ್ಯೂಟರ್, ಪ್ಲಗ್ ವೈರ್ ಮುಟ್ಟಲೇಬೇಡಿ. ಎದೆ ಅವುಗಳಿಂದ ಒಂದು ತೋಳಿನಷ್ಟಾದರೂ ದೂರವಿರಲಿ. ಬಗ್ಗಿ ನೋಡುವ ಕೆಲಸ ಬೇರೆಯವರಿಗೆ ಬಿಡಿ. ನೀವು ದೂರ ನಿಂತು ಹೇಳಿಕೊಡಿ.